ಸೈಟು ಮೊದಲು, ಮನೆ ಆಮೇಲೆ: ಬಣ್ಣದ ನಕ್ಷೆಯಿಂದ ಬೀಗದ ಕೈವರೆಗೆ

ಮಾರಾಟದ ಮೇಜಿನ ಮೇಲೆ ಹರಡುವ ಬಣ್ಣದ ನಕ್ಷೆಯಲ್ಲಿ ಎಲ್ಲ ಸೈಟುಗಳೂ ಸಮತಟ್ಟಾಗಿರುತ್ತವೆ. ಹಸಿರು ಬಳಿದ ಪಾರ್ಕು, ಬೂದು ಬಣ್ಣದ ರಸ್ತೆ, ನಡುವೆ ಸಾಲಾಗಿ ನಂಬರು ಹಾಕಿದ ಚೌಕಗಳು. ಯಾವ ಚೌಕದ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ, ಯಾವುದರ ಅರ್ಧ ಭಾಗ ಹಳೆಯ ಹೊಂಡಕ್ಕೆ ಮಣ್ಣು ಸುರಿದು ಎತ್ತಿದ್ದು, ಯಾವುದರ ಗೇಟಿನ ಎದುರಿಗೇ ದೀಪದ ಕಂಬ ಬರುತ್ತದೆ ಎಂಬುದು ಆ ಕಾಗದದಲ್ಲಿ ಸಿಗುವುದಿಲ್ಲ. ಹೊಸ ಬಡಾವಣೆಯಲ್ಲಿ ಸೈಟು ಆರಿಸಿ, ಅದಕ್ಕೊಂದು ಮನೆಯ ನಕ್ಷೆ ಆರಿಸಿ, ಕಟ್ಟಿಸಿಕೊಂಡು ಬೀಗದ ಕೈ ಪಡೆಯುವ ಈ ಉದ್ದ ಕೆಲಸವನ್ನು ಈಗಷ್ಟೇ ಮುಗಿಸಿದ್ದೇವೆ. ಹಿಂದೆ ಬರುವವರಿಗೆ ಗೊಂದಲ ಕಡಿಮೆಯಾಗಲಿ ಎಂದು, ಬಂದ ಕ್ರಮದಲ್ಲೇ ಬರೆದಿಡುತ್ತಿದ್ದೇವೆ.

ಮಾರಾಟದವರು ಮೊದಲು ತೋರಿಸುವುದು ಮಾದರಿ ಮನೆ. ಅಲ್ಲಿಂದಲೇ ಆರಂಭಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮನೆ ಮನಸ್ಸಿಗೆ ಹಿಡಿಸಿಬಿಟ್ಟರೆ ಆಮೇಲೆ ಅದು ಕೂರುವ ಯಾವುದೋ ಒಂದು ಸೈಟಿಗೆ ಒಪ್ಪಿಕೊಳ್ಳುತ್ತೇವೆ. ಬಾಗಿಲು, ಕಿಟಕಿ, ಅಡುಗೆಮನೆಯ ಕಟ್ಟೆ ಎಲ್ಲವನ್ನೂ ಹತ್ತು ವರ್ಷದ ನಂತರ ಬದಲಾಯಿಸಬಹುದು. ಸೈಟಿನ ಮಟ್ಟ, ಮಣ್ಣು, ದಿಕ್ಕು ಮತ್ತು ನೆರೆ ಬದಲಾಗುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲಿ ಮಾದರಿ ಮನೆಗೆ ಕಾಲಿಡದೆ ನೇರವಾಗಿ ಬಯಲಿಗೆ ಹೋಗಿ.

ಹೋಗುವ ಮೊದಲು ಮೂರು ಕಾಗದ ಕೇಳಿ: ಅನುಮೋದನೆಯ ಸಂಖ್ಯೆ, ದಿನಾಂಕ, ಮೊಹರು ಇರುವ ಬಡಾವಣೆ ನಕ್ಷೆ, ಭೂಮಿಯನ್ನು ಸಮ ಮಾಡುವ ಮೊದಲು ತೆಗೆದ ಸಮೋಚ್ಚ ರೇಖೆಗಳ ನಕ್ಷೆ, ಮತ್ತು ನೀರು, ಚರಂಡಿ, ವಿದ್ಯುತ್ ಮಾರ್ಗಗಳ ನಕ್ಷೆ. ಮೊದಲನೆಯದು ಎಲ್ಲರಿಗೂ ಕೊಡುತ್ತಾರೆ. ಉಳಿದೆರಡಕ್ಕೆ ಎರಡು ಮೂರು ಸಲ ಕೇಳಬೇಕಾಗುತ್ತದೆ, ವಾರಗಟ್ಟಲೆ ಕಾಯಬೇಕಾಗುತ್ತದೆ. ಈ ಕಾಯುವಿಕೆಯಲ್ಲಿ ಒಂದು ಒತ್ತಡ ಇದೆ. 'ನಿನ್ನೆ ಇಬ್ಬರು ಇದೇ ನಂಬರು ಕೇಳಿ ಹೋದರು' ಎಂಬ ಮಾತು ಈ ಹೊತ್ತಿಗೇ ಬರುತ್ತದೆ. ಸೈಟು ಕೈತಪ್ಪಿದರೂ ಸರಿ, ಆ ಎರಡು ನಕ್ಷೆ ನೋಡದೆ ಮುಂಗಡ ಕೊಡಬೇಡಿ. ಅವು ಸೈಟಿನ ಜಾತಕ ಇದ್ದ ಹಾಗೆ.

ಸಮೋಚ್ಚ ರೇಖೆಯ ನಕ್ಷೆ ಓದುವುದು ಕಷ್ಟವಲ್ಲ. ಒಂದೊಂದು ಗೆರೆಯೂ ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದಾದದ್ದು, ದೂರ ದೂರ ಇದ್ದರೆ ಸಪಾಟು. ಗೆರೆಗಳೆಲ್ಲ ಒಂದೇ ಕಡೆ ಎತ್ತರದತ್ತ ಚೂಪಾಗಿ ಬಾಗಿದ್ದರೆ ಅಲ್ಲಿ ಮೊದಲು ನೀರು ಹರಿಯುತ್ತಿತ್ತು ಎಂದರ್ಥ. ಆ ಹಳೆಯ ಗೆರೆಗಳ ಮೇಲೆ ಸೈಟಿನ ನಂಬರುಗಳನ್ನು ಪೆನ್ಸಿಲಿನಲ್ಲಿ ಬರೆದು, ಈಗಿನ ಮಟ್ಟದ ಜೊತೆ ಹೋಲಿಸಿದರೆ ಎಲ್ಲಿ ಮಣ್ಣು ಕಡಿದಿದ್ದಾರೆ, ಎಲ್ಲಿ ತುಂಬಿದ್ದಾರೆ ಎಂಬುದು ಹೊರಬೀಳುತ್ತದೆ. ಕಡಿದ ಜಾಗ ಸಾಮಾನ್ಯವಾಗಿ ಗಟ್ಟಿ. ತುಂಬಿದ ಜಾಗ ಹೇಗೆ ತುಂಬಿದರು ಎಂಬುದರ ಮೇಲೆ ನಿಂತಿದೆ. 150ರಿಂದ 200 ಮಿ.ಮೀ. ದಪ್ಪದ ಪದರ ಹರಡಿ, ನೀರಿನ ಹದ ನೋಡಿ, ರೋಲರ್ ಹಾಯಿಸಿ, ಪ್ರತಿ ಹಂತದಲ್ಲೂ ಸಾಂದ್ರತೆ ಪರೀಕ್ಷೆ ಮಾಡಿದ್ದರೆ ಚಿಂತೆ ಕಡಿಮೆ. ಪ್ರಾಕ್ಟರ್ ಪರೀಕ್ಷೆಯ (ಮಣ್ಣನ್ನು ಎಷ್ಟು ಗಟ್ಟಿಯಾಗಿ ಅದುಮಬಹುದು ಎಂದು ಪ್ರಯೋಗಾಲಯದಲ್ಲಿ ನೋಡುವ ಪರೀಕ್ಷೆ) ಗರಿಷ್ಠ ಸಾಂದ್ರತೆಯ 95% ಮುಟ್ಟಿದೆ ಎಂಬ ವರದಿ ಇರಬೇಕು. ಲಾರಿಯಲ್ಲಿ ತಂದು ಸುರಿದು ಮೇಲೆ ಮಾತ್ರ ಸವರಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಅರ್ಧ ಕಡಿದು ಅರ್ಧ ತುಂಬಿದ ಸೈಟು. ಮನೆಯ ಒಂದು ಭಾಗ ಕದಲದೆ ನಿಂತು, ಇನ್ನೊಂದು ಭಾಗ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಹುಟ್ಟುವುದು ಹೀಗೆ.

ನಕ್ಷೆ ಕೊಡದಿದ್ದರೂ ಕಣ್ಣಿಗೆ ಕಾಣುವ ಗುರುತು ಒಂದಿದೆ. ಬಡಾವಣೆಯಲ್ಲಿ ಉಳಿಸಿಕೊಂಡ ಹಳೆಯ ಮರಗಳ ಬುಡ ನೋಡಿ. ಸಹಜವಾಗಿ ಬೆಳೆದ ಮರದ ಕಾಂಡ ನೆಲ ಮುಟ್ಟುವ ಕಡೆ ಅಗಲವಾಗಿ, ಬೇರುಗಳು ಬೆರಳು ಚಾಚಿದ ಹಾಗೆ ಹರಡಿರುತ್ತವೆ. ಕಾಂಡ ನೆಟ್ಟ ಕಂಬದಂತೆ ನೆಟ್ಟಗೆ ಮಣ್ಣೊಳಗೆ ಇಳಿದಿದ್ದರೆ ಅದರ ಬುಡ ಹೂತುಹೋಗಿದೆ, ಅಲ್ಲಿ ಮಣ್ಣು ತುಂಬಿದ್ದಾರೆ. ಕೈಯಿಂದ ಸ್ವಲ್ಪ ಕೆದಕಿದರೆ ಎಷ್ಟು ಆಳಕ್ಕೆ ಎಂಬುದೂ ಗೊತ್ತಾಗುತ್ತದೆ.

ಇನ್ನು ಮಟ್ಟ. ಇದಕ್ಕೆ ದುಬಾರಿ ಉಪಕರಣ ಬೇಡ. ನಲವತ್ತು ಐವತ್ತು ಅಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಅಳತೆ ಟೇಪು, ನಾಲ್ಕು ಗೂಟ ಸಾಕು. ಪೈಪಿಗೆ ನಿಧಾನವಾಗಿ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಒಂದೂ ಉಳಿಯದಂತೆ ನೋಡಿಕೊಳ್ಳಬೇಕು. ಒಂದು ಗುಳ್ಳೆ ಉಳಿದರೂ ಅಳತೆ ಕೆಡುತ್ತದೆ. ಒಬ್ಬರು ರಸ್ತೆಯ ನಡುಮಟ್ಟದಲ್ಲಿ ಗೂಟಕ್ಕೆ ಪೈಪಿನ ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಸೈಟಿನ ಮೂಲೆಯಲ್ಲಿ ಇನ್ನೊಂದು ತುದಿ ಹಿಡಿಯಬೇಕು. ನೀರು ತೂಗಾಡಿ ನಿಂತ ಮೇಲೆ ಎರಡೂ ಕಡೆಯ ನೀರಿನ ಮಟ್ಟ ಒಂದೇ ಆಗಿರುತ್ತದೆ. ಅಲ್ಲಿಂದ ನೆಲಕ್ಕೆ ಎಷ್ಟು ಇಂಚು ಎಂದು ಎರಡು ಕಡೆಯೂ ಅಳೆದು ಕಳೆದರೆ ವ್ಯತ್ಯಾಸ ಸಿಕ್ಕಿತು. ಪೈಪು ಮುಟ್ಟದ ಮೂಲೆಗೆ ನಡುವೆ ಒಂದು ಗೂಟ ನೆಟ್ಟು ಎರಡು ಸಲದಲ್ಲಿ ಅಳೆಯಬಹುದು. ನಾಲ್ಕು ಮೂಲೆಗೂ ಹೀಗೆ ಮಾಡಲು ಅರ್ಧ ಗಂಟೆ ಹಿಡಿಯುತ್ತದೆ. ಈ ಅರ್ಧ ಗಂಟೆಯಲ್ಲಿ ತಿಳಿಯುವುದು ಇಡೀ ಕೆಲಸದಲ್ಲಿ ಬೇರೆಲ್ಲೂ ತಿಳಿಯುವುದಿಲ್ಲ.

60 ಅಡಿ ಉದ್ದದ ಸೈಟು ಹಿಂದಕ್ಕೆ 3 ಅಡಿ ಇಳಿದಿದ್ದರೆ ಅದು 1ಕ್ಕೆ 20ರ ಇಳಿಜಾರು, ಬರಿಗಣ್ಣಿಗೆ ಬಹುತೇಕ ಕಾಣುವುದೇ ಇಲ್ಲ. ಆದರೆ ಮನೆಯ ಪಾಯಕ್ಕೆ ಅದು ಕಾಣುತ್ತದೆ. 30 ಅಡಿ ಅಗಲ, 44 ಅಡಿ ಉದ್ದದ ಮನೆಯ ಕೆಳಗೆ ಸರಾಸರಿ ಒಂದೂವರೆ ಅಡಿ ತುಂಬಬೇಕೆಂದರೆ 1,980 ಘನ ಅಡಿ ಮಣ್ಣು. ಗಟ್ಟಿಸಿದ ಮೇಲೆ ಕುಗ್ಗುವುದರಿಂದ ತರಬೇಕಾದದ್ದು ಇನ್ನೂ ಕಾಲು ಭಾಗ ಹೆಚ್ಚು. ಮಾರಾಟದ ದರಪಟ್ಟಿಯಲ್ಲಿರುವ ಮನೆಯ ಬೆಲೆ ಸಮತಟ್ಟು ಸೈಟಿಗೆ ಹಾಕಿದ ಬೆಲೆ. ಈ ಮಣ್ಣು, ಎತ್ತರದ ಪಾಯ, ತಡೆಗೋಡೆ ಇವೆಲ್ಲ 'ಸೈಟಿನ ಹೆಚ್ಚುವರಿ ವೆಚ್ಚ' ಎಂಬ ಹೆಸರಿನಲ್ಲಿ ಆಮೇಲೆ ಬರುತ್ತವೆ. ಅಗ್ಗದ ಸೈಟು ದುಬಾರಿಯಾಗುವುದು ಇಲ್ಲೇ. ತಡೆಗೋಡೆ ನಾಲ್ಕು ಅಡಿ ಮೀರಿದರೆ ಎಂಜಿನಿಯರ್ ವಿನ್ಯಾಸ ಬೇಕೇ ಬೇಕು. ಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ತೂತು ಬಿಡದಿದ್ದರೆ ಒಂದು ಜೋರು ಮಳೆಗೆ ಗೋಡೆ ಮುಂದಕ್ಕೆ ವಾಲುತ್ತದೆ. ಜೊತೆಗೆ ಆ ಗೋಡೆ ಯಾರ ಸೈಟಿನೊಳಗೆ ಬರುತ್ತದೆ, ಯಾರ ಖರ್ಚು ಎಂಬುದನ್ನು ಬರಹದಲ್ಲೇ ಪಡೆಯಿರಿ.

ರಸ್ತೆಗಿಂತ ತಗ್ಗಾದ ಸೈಟಿನಲ್ಲಿ ಇನ್ನೊಂದು ತೊಡಕು ಯಾರೂ ಹೇಳುವುದಿಲ್ಲ: ಒಳಚರಂಡಿ. ಕೊಳಚೆ ಪೈಪು ತಾನಾಗಿ ಹರಿಯಬೇಕಾದರೆ 4 ಇಂಚಿನ ಪೈಪಿಗೆ ಸುಮಾರು 1ಕ್ಕೆ 40ರ ಇಳುಕಲು ಕೊಡುತ್ತಾರೆ. ಹಿಂಬದಿಯ ಬಚ್ಚಲಿನಿಂದ ರಸ್ತೆಯ ಚೇಂಬರಿಗೆ (ಒಳಚರಂಡಿಯ ಮುಚ್ಚಳವಿರುವ ಗುಂಡಿಗೆ) 60 ಅಡಿ ಇದ್ದರೆ ಪೈಪು ಒಂದೂವರೆ ಅಡಿ ಇಳಿಯಬೇಕು. ಆರಂಭದಲ್ಲೇ ನೆಲದಿಂದ ಒಂದು ಅಡಿ ಕೆಳಗಿದ್ದರೆ ಚೇಂಬರು ಮುಟ್ಟುವಾಗ ಎರಡೂವರೆ ಅಡಿ ಆಳ. ಚೇಂಬರಿನ ತಳ ರಸ್ತೆಯಿಂದ ಮೂರು ಅಡಿ ಆಳದಲ್ಲಿದ್ದು, ಸೈಟು ರಸ್ತೆಗಿಂತ ಎರಡು ಅಡಿ ತಗ್ಗಿದ್ದರೆ ನಿಮ್ಮ ನೆಲದಿಂದ ಚೇಂಬರಿನ ತಳ ಒಂದೇ ಅಡಿ ಕೆಳಗೆ. ನೀರು ಮೇಲಕ್ಕೆ ಹರಿಯುವುದಿಲ್ಲ. ಆಗ ಇರುವುದು ಎರಡೇ ದಾರಿ, ಮನೆಯನ್ನು ಎತ್ತರಿಸುವುದು ಅಥವಾ ಪಂಪು ಕೂರಿಸಿ ಜೀವನವಿಡೀ ಅದನ್ನು ನೋಡಿಕೊಳ್ಳುವುದು. ಹಾಗಾಗಿ ಚೇಂಬರಿನ ಮುಚ್ಚಳ ತೆಗೆಸಿ, ಕೋಲು ಇಳಿಸಿ ತಳದ ಆಳ ಅಳೆದುಕೊಳ್ಳಿ. ಕೆಲಸಗಾರರು ಇದನ್ನು ಇನ್ವರ್ಟ್ ಲೆವೆಲ್ ಎನ್ನುತ್ತಾರೆ, ಅದೇ ಹೆಸರಿನಲ್ಲಿ ಕೇಳಿ.

ಮಣ್ಣಿನ ಪರೀಕ್ಷೆಯನ್ನು ಪ್ರಯೋಗಾಲಯದವರೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಮನೆ ಕೂರುವ ಜಾಗದಲ್ಲಿ ಕನಿಷ್ಠ ಎರಡು ಕಡೆ ತೋಡಿ, ಪಾಯದ ಮಟ್ಟಕ್ಕಿಂತ ಕೆಳಗಿನವರೆಗೂ ನೋಡಬೇಕು. ಆದರೆ ನಾಲ್ಕೈದು ಸೈಟುಗಳಲ್ಲಿ ಯಾವುದಕ್ಕೆ ಪರೀಕ್ಷೆಯ ಹಣ ಹಾಕುವುದು ಎಂದು ತೀರ್ಮಾನಿಸಲು ಗಾಜಿನ ಸೀಸೆಯ ಪರೀಕ್ಷೆ ನೆರವಾಗುತ್ತದೆ. ಎರಡು ಅಡಿ ಆಳದ ಮಣ್ಣನ್ನು ಸೀಸೆಯ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಒಂದು ಚಿಟಿಕೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ, ಹೂಳು ಕೆಲವು ಗಂಟೆಗಳಲ್ಲಿ, ಜೇಡಿ ಒಂದು ದಿನವಾದರೂ ಪೂರ್ತಿ ಇಳಿಯುವುದಿಲ್ಲ. ಮಾರನೆಯ ದಿನ ಪದರಗಳ ದಪ್ಪ ಅಳೆದರೆ ಮಣ್ಣಿನ ಗುಣ ಅಂದಾಜಾಗುತ್ತದೆ. ಜೇಡಿ ಹೆಚ್ಚಿದ್ದು, ಒಣಗಿದಾಗ ನೆಲ ಬಾಯಿ ಬಿಟ್ಟು ಬೆರಳು ಇಳಿಯುವಷ್ಟು ಬಿರಿದಿದ್ದರೆ ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಮಣ್ಣು. ಅಲ್ಲಿ ಮನೆ ಕಟ್ಟಲಾಗದು ಎಂದಲ್ಲ. ಸಾಮಾನ್ಯ ಪಾಯ ಸಾಲದು, ತೇವ ಏರಿಳಿಯದ ಆಳಕ್ಕೆ ಹೋಗಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಷ್ಟೆ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷಕ ಮಳೆ. ಜೋರು ಮಳೆ ಬಿದ್ದ ಮರುದಿನ ಮಧ್ಯಾಹ್ನ ಹೋಗಿ ನೋಡಿ. ಅಕ್ಕಪಕ್ಕ ಒಣಗಿರುವಾಗ ಈ ಒಂದರಲ್ಲೇ ನೀರು ನಿಂತಿದ್ದರೆ, ಮೇಲಿನ ಸೈಟಿನಿಂದ ಕೆಂಪು ನೀರು ಕಾಲುವೆ ಕೊರೆದು ಇದರೊಳಗೆ ಬಂದಿದ್ದರೆ ಮನೆ ಕಟ್ಟಿದ ಮೇಲೂ ಅದೇ ಕಥೆ. ಮಳೆಗಾಲಕ್ಕೆ ಮೂರು ತಿಂಗಳು ಕಾಯಬೇಕಾಗಿ ಬಂದರೆ ಕಾಯುವುದು ದಂಡವಲ್ಲ. ಆ ಅವಧಿಯಲ್ಲಿ ದಾಖಲೆ ನೋಡಿಸಬಹುದು.

ಅದೇ ಸುತ್ತಾಟದಲ್ಲಿ ರಸ್ತೆಗಳ ಕೊನೆಗಳನ್ನು ಗಮನಿಸಿ. ಕೊನೆಯಲ್ಲಿ ವಾಹನ ತಿರುಗಲು ದುಂಡು ಜಾಗ ಬಿಡದೆ, ರಸ್ತೆ ಬೇಲಿಗೆ ನೇರವಾಗಿ ಬಡಿದು ನಿಂತಿದ್ದರೆ ಅದು ಮುಂದುವರಿಯಲಿಕ್ಕೆಂದೇ ಬಿಟ್ಟದ್ದು. ಇಂದು ಮೌನವಾಗಿರುವ ಆ ಸೈಟಿನ ಮುಂದೆ ನಾಳೆ ಮುಂದಿನ ಹಂತದ ಲಾರಿಗಳೆಲ್ಲ ಓಡಾಡುತ್ತವೆ. 'ಕಾಯ್ದಿರಿಸಿದ ಜಾಗ' ಎಂದು ಬರೆದ ಖಾಲಿ ಚೌಕ ಕಂಡರೆ ಯಾವುದಕ್ಕೆ ಎಂದು ಲಿಖಿತವಾಗಿ ಕೇಳಿ. ಕೊಳಚೆ ಶುದ್ಧೀಕರಣ ಘಟಕ, ಪಂಪ್‌ಹೌಸ್, ಟ್ರಾನ್ಸ್‌ಫಾರ್ಮರ್ ಎಲ್ಲಿಯಾದರೂ ಬರಲೇಬೇಕಲ್ಲವೆ? ಪಾರ್ಕಿನ ಎದುರಿನ ಸೈಟಿಗೆ ಹೆಚ್ಚು ಹಣ ಕೇಳುತ್ತಾರೆ. ಮರಗಿಡದ ಪಾರ್ಕಾದರೆ ಕೊಡಬಹುದು, ಆಟದ ಅಂಕಣವಾದರೆ ಮಲಗುವ ಕೋಣೆ ಆ ಕಡೆ ಬರದಂತೆ ಯೋಚಿಸಬೇಕು. ರಸ್ತೆ ಬಂದು ಎದುರಿಗೆ ನಿಲ್ಲುವ ಸೈಟಿನಲ್ಲಿ ಇರುಳಿಡೀ ವಾಹನದ ದೀಪ ಹಜಾರದ ಗೋಡೆಯ ಮೇಲೆ ಹಾಯುತ್ತಿರುತ್ತದೆ.

ಮೂಲೆ ಸೈಟಿನ ಬಗ್ಗೆ ಎಲ್ಲರಿಗೂ ಮೋಹ. ಗಾಳಿ ಬೆಳಕು ಎರಡು ಕಡೆಯಿಂದ ಬರುವುದು ನಿಜ. ಆದರೆ ಎರಡು ರಸ್ತೆಗೂ ಹೆಚ್ಚಿನ ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡದವರೆಗಿನ ಖಾಲಿ ಜಾಗ) ಬಿಡಬೇಕಾದ ನಿಯಮವಿದ್ದರೆ ಕಟ್ಟುವ ಜಾಗ ಕುಗ್ಗುತ್ತದೆ, ಕಾಂಪೌಂಡ್ ಉದ್ದವಾಗುತ್ತದೆ. ಲೆಕ್ಕ ಹಾಕಿಯೇ ತೀರ್ಮಾನಿಸಿ. 40 ಅಡಿ ಅಗಲ, 60 ಅಡಿ ಉದ್ದದ ನಡುಸೈಟಿನಲ್ಲಿ ಎರಡು ಪಕ್ಕ ಐದೈದು ಅಡಿ, ಮುಂದೆ 10, ಹಿಂದೆ 6 ಅಡಿ ಬಿಡಬೇಕೆಂದಿದ್ದರೆ ಉಳಿಯುವುದು 30 ಅಡಿ ಅಗಲ, 44 ಅಡಿ ಉದ್ದ, ಅಂದರೆ 1,320 ಚದರಡಿ. ಅದೇ ಅಳತೆಯ ಮೂಲೆ ಸೈಟಿನಲ್ಲಿ ಒಂದು ಪಕ್ಕಕ್ಕೂ 10 ಅಡಿ ಬಿಡಬೇಕಾದರೆ 25 ಅಡಿ ಅಗಲ ಮಾತ್ರ, 1,100 ಚದರಡಿ. ಹೆಚ್ಚು ಹಣ ಕೊಟ್ಟು 220 ಚದರಡಿ ಕಡಿಮೆ ಕಟ್ಟುವುದು ನಿಮಗೆ ಒಪ್ಪಿಗೆಯೇ ಎಂಬುದಷ್ಟೇ ಪ್ರಶ್ನೆ. ಪೈಪು ಅಥವಾ ತಂತಿ ಹಾಯುವ ಹಕ್ಕಿನ ಪಟ್ಟಿ ಸೈಟಿನೊಳಗೆ ಇದ್ದರೆ ಅದರ ಮೇಲೂ ಕಟ್ಟುವಂತಿಲ್ಲ. ಅದು ಬಣ್ಣದ ನಕ್ಷೆಯಲ್ಲಿ ಇರುವುದಿಲ್ಲ, ಅನುಮೋದಿತ ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿ ಇರುತ್ತದೆ.

ಒಂದು ಸೈಟಿಗೆ ಮನಸ್ಸು ನಿಂತ ಮೇಲೆ ಟೇಪು ಹಿಡಿದು ನಾಲ್ಕು ಬದಿ ಮಾತ್ರವಲ್ಲ, ಎರಡು ಕರ್ಣಗಳನ್ನೂ ಅಳೆಯಿರಿ. 40ಕ್ಕೆ 60ರ ಸೈಟಿನ ಕರ್ಣ 72 ಅಡಿ ಒಂದೂಕಾಲು ಇಂಚಿನಷ್ಟು ಇರಬೇಕು. ಬದಿಗಳೆಲ್ಲ ಸರಿಯಿದ್ದು ಒಂದು ಕರ್ಣ 74, ಇನ್ನೊಂದು 70 ಬಂದರೆ ಸೈಟು ಓರೆಯಾಗಿದೆ. ಕಾಗದದ 2,400 ಚದರಡಿ ನೆಲದಲ್ಲಿ ಇಲ್ಲ, ನೇರ ಮೂಲೆಯ ಮನೆ ಕೂರಿಸುವಾಗ ಸೆಟ್‌ಬ್ಯಾಕ್ ಒಂದು ಕಡೆ ಸಾಲದೆ ಹೋಗುತ್ತದೆ. ಗಡಿಕಲ್ಲಿನ ನಂಬರು ನಕ್ಷೆಯ ನಂಬರಿಗೆ ಹೊಂದುತ್ತದೆಯೇ, ಕರಡು ಕ್ರಯಪತ್ರದ ಚೆಕ್ಕುಬಂದಿಯಲ್ಲಿ ನಾಲ್ಕೂ ದಿಕ್ಕಿನ ನೆರೆ ಸೈಟಿನ ನಂಬರು ಸರಿಯಾಗಿ ಬಂದಿದೆಯೇ ಎಂದು ಅಲ್ಲೇ ನಿಂತು ಓದಿ. ಪೂರ್ವ ಪಶ್ಚಿಮ ಅದಲುಬದಲಾಗುವ ತಪ್ಪು ತೀರಾ ಸಾಮಾನ್ಯ. ನೋಂದಣಿಯ ನಂತರ ಅದನ್ನು ತಿದ್ದಿಸುವುದು ಮತ್ತೊಂದು ಅಲೆದಾಟ.

ದಾಖಲೆಗಳಲ್ಲಿ ಮಾಲೀಕತ್ವದ ಸರಪಳಿ, ಋಣಭಾರ, ಅನುಮೋದನೆ ಇವನ್ನು ವಕೀಲರು ನೋಡುತ್ತಾರೆ. ಹೊಸ ಬಡಾವಣೆಯಲ್ಲಿ ವಿಶೇಷವಾಗಿ ಕೇಳಬೇಕಾದ್ದು ಒಂದಿದೆ. ಬಡಾವಣೆ ಮಾಡುವವರು ಇಡೀ ಭೂಮಿಯನ್ನು ಅಡವಿಟ್ಟು ಸಾಲ ಪಡೆದಿರುವುದು ಸಾಮಾನ್ಯ. ಅದು ತಪ್ಪಲ್ಲ. ಆದರೆ ನಿಮ್ಮ ಸೈಟಿನ ನಂಬರು ನಮೂದಿಸಿ, ಇದರ ಮೇಲಿನ ಅಡಮಾನ ಬಿಟ್ಟಿದ್ದೇವೆ ಎಂದು ಸಾಲ ಕೊಟ್ಟವರು ಬರೆದ ಪತ್ರ ಕೈಗೆ ಬರದೆ ಪೂರ್ತಿ ಹಣ ಕೊಡಬಾರದು. ಈ ಪತ್ರಕ್ಕಾಗಿ ಕಾಯುವುದೇ ಇಡೀ ಪ್ರಕ್ರಿಯೆಯ ಅತ್ಯಂತ ಬೇಸರದ ಭಾಗ. 'ಕಳಿಸಿದ್ದೇವೆ, ಬರುತ್ತದೆ' ಎಂಬ ಉತ್ತರ ಕೇಳಿ ಕೇಳಿ ಸಾಕಾಗುತ್ತದೆ. ಫೋನಿನ ಬದಲು ಪ್ರತಿ ಸಲವೂ ಇಮೇಲ್‌ನಲ್ಲಿ ಕೇಳಿ, ದಿನಾಂಕ ದಾಖಲಾಗುತ್ತದೆ. ನಿವಾಸಿಗಳ ಸಂಘದ ನಿಯಮಗಳನ್ನೂ ಈಗಲೇ ಓದಿ. ಮನೆಯ ಬಣ್ಣ, ಕಾಂಪೌಂಡಿನ ಎತ್ತರ, ಮೇಲಂತಸ್ತು, ಎಷ್ಟು ತಿಂಗಳೊಳಗೆ ಕಟ್ಟಬೇಕು, ತಿಂಗಳ ನಿರ್ವಹಣಾ ಶುಲ್ಕ ಎಷ್ಟು, ಹೇಗೆ ಏರುತ್ತದೆ ಎಲ್ಲವೂ ಅದರಲ್ಲಿರುತ್ತದೆ.

ಮುಂಗಡದ ರಸೀದಿಯಲ್ಲಿ ಮೂರು ಸಾಲು ಇರಲಿ: ಸೈಟು ಎಷ್ಟು ದಿನ ನಿಮ್ಮ ಹೆಸರಿಗೆ ಹಿಡಿದಿಡುತ್ತಾರೆ, ಸಾಲ ಮಂಜೂರಾಗದಿದ್ದರೆ ಹಣ ವಾಪಸು, ಮಣ್ಣಿನ ವರದಿ ಕೆಟ್ಟು ಬಂದರೂ ವಾಪಸು.

ಈಗ ಮಾದರಿ ಮನೆಗೆ ಹೋಗಬಹುದು. ಅಲ್ಲಿಯ ಹಜಾರ ದೊಡ್ಡದಾಗಿ ಕಾಣಲು ಕಾರಣಗಳಿವೆ. ಒಳಬಾಗಿಲುಗಳನ್ನು ಕೂರಿಸಿರುವುದಿಲ್ಲ, ಮಂಚ ಸೋಫಾ ಸಣ್ಣ ಅಳತೆಯವು, ಹಗಲಲ್ಲೂ ಎಲ್ಲ ದೀಪ ಉರಿಯುತ್ತಿರುತ್ತವೆ. ದೀಪ ಆರಿಸಲು ಹೇಳಿ, ಟೇಪು ತೆಗೆಯಿರಿ. 5 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚಕ್ಕೆ ಎರಡು ಪಕ್ಕದಲ್ಲೂ ಎರಡೂವರೆ ಅಡಿ ಓಡಾಟದ ಜಾಗ ಬೇಕೆಂದರೆ ಕೋಣೆ 10 ಅಡಿ ಅಗಲ ಇರಬೇಕು. ಕಾಲಕಡೆ ಎರಡೂವರೆ ಅಡಿ, ಗೋಡೆಗೆ 2 ಅಡಿ ಆಳದ ಕಪಾಟು ಸೇರಿದರೆ 11 ಅಡಿ ಉದ್ದ. ಇದಕ್ಕಿಂತ ಕಡಿಮೆಯಾದರೆ ಕಪಾಟಿನ ಬಾಗಿಲು ಮಂಚಕ್ಕೆ ಬಡಿಯುತ್ತದೆ. ಮೆಟ್ಟಿಲಿನ ಎತ್ತರ 7 ಇಂಚು ಮೀರಬಾರದು, ಪಾದ ಇಡುವ ಜಾಗ 10 ಇಂಚಿಗಿಂತ ಕಡಿಮೆಯಾಗಬಾರದು. ಕಣ್ಣಿಗೆ ಕಾಣುವ ಪ್ರತಿಯೊಂದು ವಸ್ತುವಿನ ಮುಂದೆಯೂ 'ಮೂಲ ಬೆಲೆಯಲ್ಲಿದೆ' ಅಥವಾ 'ಹೆಚ್ಚುವರಿ' ಎಂದು ಪಟ್ಟಿ ಬರೆಸಿಕೊಂಡು ಸಹಿ ಹಾಕಿಸಿ. ಪಟ್ಟಿ ಮುಗಿದಾಗ ಮನಸ್ಸು ಸ್ವಲ್ಪ ಕುಸಿಯುತ್ತದೆ, ಮೆಚ್ಚಿದ್ದರಲ್ಲಿ ಬಹುಪಾಲು ಎರಡನೆಯ ಗುಂಪಿನಲ್ಲಿರುತ್ತದೆ.

ಹಣ ಎಲ್ಲಿ ಹಾಕುವುದು ಎಂಬುದಕ್ಕೆ ನಮಗೆ ದಕ್ಕಿದ ಅಳತೆಗೋಲು ಇದು: ಗೋಡೆ, ನೆಲ, ಚಾವಣಿ ಒಡೆಯದೆ ಮುಂದೆ ಮಾಡಲಾಗದ್ದಕ್ಕೆ ಈಗ ಖರ್ಚು ಮಾಡಿ. ಕೋಣೆಯ ಎತ್ತರ, ಕಿಟಕಿಯ ಗಾತ್ರ, ಚಾವಣಿಯ ಶಾಖನಿರೋಧಕ, ಮುಂದೆ ತಂತಿ ಎಳೆಯಲು ಹೆಚ್ಚುವರಿ ಖಾಲಿ ಕಾಂಡ್ಯೂಟ್ ಪೈಪು, ಮುಂದೆ ಬೇಕಾಗಬಹುದಾದ ಬಚ್ಚಲಿಗೆ ಈಗಲೇ ನೀರು ಮತ್ತು ಚರಂಡಿಯ ಪೈಪು, ವಿದ್ಯುತ್ ವಾಹನಕ್ಕೆ ಪ್ರತ್ಯೇಕ ತಂತಿ. ದೀಪದ ಗೊಂಚಲು, ಹಿಡಿಕೆ, ಕಪಾಟು, ಬಣ್ಣ ಇವೆಲ್ಲ ಆಮೇಲೂ ಆಗುತ್ತವೆ, ಹೊರಗೆ ಅಗ್ಗವಾಗಿ ಸಿಗುತ್ತವೆ. ಸಾಲ ಪಡೆಯುವವರು ಗಮನಿಸಬೇಕಾದ್ದು: ಬ್ಯಾಂಕಿನ ಮೌಲ್ಯಮಾಪಕರು ಈ ಹೆಚ್ಚುವರಿಗಳಿಗೆ ನೀವು ಕೊಟ್ಟಷ್ಟು ಬೆಲೆ ಕಟ್ಟುವುದಿಲ್ಲ. ಆ ವ್ಯತ್ಯಾಸ ಕೈಯಿಂದಲೇ ಹೋಗುತ್ತದೆ. ಒಟ್ಟು ವೆಚ್ಚದ ಹತ್ತನೇ ಒಂದು ಭಾಗವನ್ನು ಮುಟ್ಟದೆ ಎತ್ತಿಡಿ, ಮಣ್ಣಿನ ಕೆಲಸ ಒಂದೇ ಅದನ್ನು ಕೇಳಬಹುದು.

ಮೆಚ್ಚಿದ ಮನೆಯ ನಕ್ಷೆಯನ್ನು ಪಾರದರ್ಶಕ ಹಾಳೆಯಲ್ಲಿ ಅದೇ ಅನುಪಾತಕ್ಕೆ ಮುದ್ರಿಸಿ ಸೈಟಿನ ನಕ್ಷೆಯ ಮೇಲಿಟ್ಟು ನೋಡಿ. ಆಮೇಲೆ ಹಾಳೆಯನ್ನು ಮಗುಚಿ, ಎಡಬಲ ಬದಲಾಯಿಸಿ ಮತ್ತೆ ನೋಡಿ. ಒಂದೇ ಮನೆ ಮಗುಚಿದಾಗ ಬೇರೆಯೇ ಆಗುತ್ತದೆ. ಗ್ಯಾರೇಜು ಸೈಟಿನ ಎತ್ತರದ ಪಕ್ಕಕ್ಕೆ ಬರುತ್ತದೆಯೋ ತಗ್ಗಿನ ಪಕ್ಕಕ್ಕೋ, ಕಾರು ಹೋಗುವ ದಾರಿಗೆ ದೀಪದ ಕಂಬವೋ ಮ್ಯಾನ್‌ಹೋಲೋ ಅಡ್ಡ ಬರುತ್ತದೆಯೋ, ನಿಮ್ಮ ಬಚ್ಚಲ ಕಿಟಕಿ ನೆರೆಯವರ ಅಡುಗೆಮನೆಗೆ ಎದುರಾಗುತ್ತದೆಯೋ ಎಲ್ಲ ಇಲ್ಲಿ ತಿಳಿಯುತ್ತದೆ. ಪಶ್ಚಿಮಕ್ಕೆ ದೊಡ್ಡ ಗಾಜು ಬಂದರೆ ಸಂಜೆಯ ಬಿಸಿಲು ಓರೆಯಾಗಿ ಒಳಗೇ ನುಗ್ಗುತ್ತದೆ. ಸೂರ್ಯ ಕೆಳಗಿರುವುದರಿಂದ ಸಜ್ಜಾ ಎಷ್ಟು ಚಾಚಿದರೂ ಪ್ರಯೋಜನವಿಲ್ಲ, ಉದ್ದುದ್ದ ನಿಲ್ಲುವ ಮರೆ ಅಥವಾ ಮರ ಬೇಕು. ಆ ಕಡೆ ಮೆಟ್ಟಿಲು, ಉಗ್ರಾಣ, ಬಚ್ಚಲು ಬರುವಂತೆ ಮಗುಚುವುದು ಸುಲಭದ ಪರಿಹಾರ.

ಕಾರಿನ ದಾರಿಗೆ ಎರಡು ಅಳತೆ. ಗ್ಯಾರೇಜಿನ ಮುಂದೆ ಇನ್ನೊಂದು ಕಾರು ನಿಲ್ಲಬೇಕಾದರೆ 18 ಅಡಿ ಬೇಕು, 10 ಅಡಿಯ ಸೆಟ್‌ಬ್ಯಾಕ್ ಸಾಲದು. ಗ್ಯಾರೇಜಿನ ನೆಲ ರಸ್ತೆಗಿಂತ 2 ಅಡಿ ಎತ್ತರವಿದ್ದು ದಾರಿ 10 ಅಡಿಯೇ ಇದ್ದರೆ 1ಕ್ಕೆ 5ರ ಏರು. ಕಾರಿನ ಹೊಟ್ಟೆ ಉಜ್ಜುತ್ತದೆ, ಮಳೆಯಲ್ಲಿ ಚಕ್ರ ಜಾರುತ್ತದೆ. 18 ಅಡಿ ಇದ್ದರೆ ಅದೇ ಏರು 1ಕ್ಕೆ 9, ನೆಮ್ಮದಿಯಾಗಿ ಹತ್ತುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ದಿನ ಖುಷಿಯೂ ಆತಂಕವೂ ಒಟ್ಟಿಗೇ ಇರುತ್ತವೆ. ಆ ದಿನವೇ ಮೊದಲ ಬಾರಿ ಒಪ್ಪಂದ ಓದುವಂತಾಗಬಾರದು. ವಾರ ಮೊದಲೇ ಕರಡು ಪಡೆಯಿರಿ. ಕಂತುಗಳು ದಿನಾಂಕಕ್ಕಲ್ಲ, ಕೆಲಸದ ಹಂತಕ್ಕೆ ಕಟ್ಟಿರಬೇಕು: ಪಾಯ ಮುಗಿದಾಗ, ಚಾವಣಿ ಹಾಕಿದಾಗ, ಪ್ಲಾಸ್ಟರ್ ಆದಾಗ ಹೀಗೆ. 'ಸಮಾನ ಗುಣಮಟ್ಟದ ಬೇರೆ ವಸ್ತು ಬಳಸಬಹುದು' ಎಂಬ ಸಾಲಿಗೆ 'ಖರೀದಿದಾರರ ಲಿಖಿತ ಒಪ್ಪಿಗೆಯೊಂದಿಗೆ' ಎಂದು ಸೇರಿಸಿ. ಅಂದಾಜು ಮೊತ್ತ ಎಂದು ಬರೆದ ಬಾಬ್ತುಗಳನ್ನು ಸುತ್ತು ಹಾಕಿ ಗುರುತಿಸಿ, ನಿಜವಾದ ಬಿಲ್ಲು ಹೆಚ್ಚಾದರೆ ಅದು ನಿಮ್ಮ ತಲೆಗೇ ಬರುತ್ತದೆ. ಕೊನೆಯ 5% ಮೊತ್ತವನ್ನು ದೋಷ ಸರಿಪಡಿಸಿದ ಮೇಲೆ ಕೊಡುವಂತೆ ಉಳಿಸಿಕೊಳ್ಳಲು ಪ್ರಯತ್ನಿಸಿ. ಎಲ್ಲರೂ ಒಪ್ಪುವುದಿಲ್ಲ, ಕೇಳದೆ ಇದ್ದರೆ ಖಂಡಿತ ಸಿಗುವುದಿಲ್ಲ.

ಕಟ್ಟುವ ಕಾಲದಲ್ಲಿ ದಿನವೂ ಹೋಗಿ ನಿಲ್ಲಬೇಕಾಗಿಲ್ಲ. ಮುಚ್ಚಿಹೋಗುವ ಕೆಲಸ ನಡೆಯುವ ನಾಲ್ಕು ದಿನ ಮಾತ್ರ ತಪ್ಪಿಸಬೇಡಿ. ಒಂದನೆಯದು ಗುರುತು ಹಾಕುವ ದಿನ: ಮೂಲೆಯಿಂದ ಒಂದು ಕಡೆ 30 ಅಡಿ, ಇನ್ನೊಂದು ಕಡೆ 40 ಅಡಿ ಅಳೆದರೆ ಆ ಎರಡು ತುದಿ ಸೇರಿಸುವ ಗೆರೆ ಸರಿಯಾಗಿ 50 ಅಡಿ ಬರಬೇಕು, ಬಾರದಿದ್ದರೆ ಮೂಲೆ ನೇರವಿಲ್ಲ. ಎರಡನೆಯದು ಪಾಯದ ಕಾಂಕ್ರೀಟಿನ ದಿನ: ಕಂಬಿಯ ಕೆಳಗೆ 50 ಮಿ.ಮೀ. ಕವರ್ ಬ್ಲಾಕ್ (ಕಂಬಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ತುಂಡು) ಇದೆಯೇ, ತುಂಬಿದ ಮಣ್ಣು ದಾಟಿ ಮೂಲ ನೆಲ ಮುಟ್ಟಿದ್ದಾರೆಯೇ ನೋಡಿ. ಸುಲಭವಾಗಿ ಹರಿಯಲಿ ಎಂದು ಕಾಂಕ್ರೀಟಿಗೆ ಹೆಚ್ಚು ನೀರು ಬೆರೆಸಿದರೆ ಬಲ ಕುಂದುತ್ತದೆ. ಅದನ್ನು ಅಲ್ಲೇ ತಡೆಯಬೇಕು. ಅಂದೇ 150 ಮಿ.ಮೀ. ಅಚ್ಚಿನಲ್ಲಿ ಅದೇ ಕಾಂಕ್ರೀಟಿನ ಘನಗಳನ್ನು ಹಾಕಿಸಿ, 28ನೇ ದಿನದ ಬಲ ಪರೀಕ್ಷೆಯ ವರದಿ ಕೇಳಿ. ಪಾಯದ ಕಾಂಕ್ರೀಟಿಗೆ ಕಡಿಮೆಯೆಂದರೂ 7 ದಿನ ನೀರುಣಿಸಬೇಕು, ಬಿಸಿಲು ಜೋರಿದ್ದರೆ 10 ದಿನ. ಮೂರನೆಯದು ಪ್ಲಾಸ್ಟರಿಗೆ ಮುಂಚಿನ ದಿನ: ಪ್ರತಿ ಗೋಡೆಗೂ ಟೇಪು ಅಡ್ಡ ಹಿಡಿದು ಪೈಪು, ತಂತಿಗಳ ಫೋಟೊ ತೆಗೆಯಿರಿ. ಮುಂದೆ ಮೊಳೆ ಹೊಡೆಯುವ ಪ್ರತಿ ಸಲವೂ ಆ ಫೋಟೊ ಬೇಕಾಗುತ್ತದೆ. ನಾಲ್ಕನೆಯದು ಜಲನಿರೋಧಕದ ದಿನ: ಬಚ್ಚಲು ಮತ್ತು ತಾರಸಿಯ ಹೊರದಾರಿ ಮುಚ್ಚಿ, ನೀರು ಕಟ್ಟಿ, 24ರಿಂದ 48 ಗಂಟೆ ಬಿಟ್ಟು ಕೆಳಗಿನ ಚಾವಣಿ ನೋಡಿ. ಟೈಲ್ಸ್ ಹಾಕಿದ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ.

ಹಸ್ತಾಂತರದ ಮೊದಲ ಪರಿಶೀಲನೆಗೆ ಹಗಲು ಹೊತ್ತು, ಕನಿಷ್ಠ ಮೂರು ಗಂಟೆ ಕೇಳಿ. ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಬೆಳಕು ಬಿಟ್ಟರೆ ಪ್ಲಾಸ್ಟರಿನ ಉಬ್ಬುತಗ್ಗು ನೆರಳಾಗಿ ಎದ್ದು ಕಾಣುತ್ತದೆ. ನಾಣ್ಯದಿಂದ ಟೈಲ್ಸ್ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಪಟ್ಟಿ ಅಂಟಿಸಿ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು, ಮೂಲೆಗಳಲ್ಲಿ ಉಳಿಯದೆ ಜಾಲರಿಗೆ ಬರುತ್ತದೆಯೇ ನೋಡಿ. ಎಲ್ಲ ತೊಟ್ಟಿಗಳನ್ನೂ ತುಂಬಿ ಒಟ್ಟಿಗೆ ಬಿಟ್ಟರೆ ಪೈಪಿನ ಇಳುಕಲು ಸಾಲದಿದ್ದ ಕಡೆ ನೀರು ಗುಳುಗುಳು ಎಂದು ಹಿಂದೆ ಸರಿಯುತ್ತದೆ. ಪ್ರತಿ ಪ್ಲಗ್ಗಿಗೂ ಟೆಸ್ಟರ್ ಇಡಿ, ಪ್ರತಿ ಕಿಟಕಿಯನ್ನೂ ಹಾಕಿ ತೆಗೆಯಿರಿ. ಸಿಕ್ಕ ದೋಷಗಳನ್ನು ಕೋಣೆವಾರು ಬರೆದು, ಫೋಟೊ ಸೇರಿಸಿ, ಎರಡು ಪ್ರತಿಗೂ ಸಹಿ ಹಾಕಿಸಿಕೊಳ್ಳಿ. 'ಬೀಗದ ಕೈ ತೆಗೆದುಕೊಳ್ಳಿ, ಉಳಿದದ್ದು ವಾರದಲ್ಲಿ ಮಾಡಿಕೊಡುತ್ತೇವೆ' ಎನ್ನುತ್ತಾರೆ. ದಣಿದ ಮನಸ್ಸು ಹೂಂ ಎನ್ನಲು ಕಾಯುತ್ತಿರುತ್ತದೆ. ನೀರು, ವಿದ್ಯುತ್, ಸೋರಿಕೆಯ ದೋಷ ಉಳಿದಿದ್ದರೆ ಒಪ್ಪಬೇಡಿ.

ಕೊನೆಗೆ ಹೊರಗಿನ ನೆಲ. ಮನೆಯ ಗೋಡೆಯಿಂದ 10 ಅಡಿ ದೂರದೊಳಗೆ ನೆಲ 6 ಇಂಚು ಹೊರಕ್ಕೆ ಇಳಿದಿರಬೇಕು. ಹಸ್ತಾಂತರದ ದಿನ ಸರಿಯಾಗಿಯೇ ಇರುತ್ತದೆ. ಪಾಯದ ಸುತ್ತ ಮರಳಿ ತುಂಬಿದ ಮಣ್ಣು ಮೊದಲ ಮಳೆಗಾಲದಲ್ಲಿ ಕೂರುತ್ತದೆ, ಗೋಡೆಯ ಬುಡದಲ್ಲೇ ತಗ್ಗು ಬೀಳುತ್ತದೆ, ನೀರು ಒಳಮುಖವಾಗಿ ತಿರುಗುತ್ತದೆ. ಆ ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ನೀರು ನಿಂತ ಜಾಗಕ್ಕೆ ಗೂಟ ನೆಟ್ಟು, ಫೋಟೊ ತೆಗೆದು, ದೋಷ ಸರಿಪಡಿಸುವ ಅವಧಿ ಮುಗಿಯುವ ಮೊದಲೇ ಬರೆದು ಕಳಿಸಿ. ಅವರು ಬರುವುದು ತಡವಾದರೆ ಮಣ್ಣನ್ನು ನೀವೇ ತುಂಬಿ, ಪದರ ಪದರವಾಗಿ ದಮ್ಮಸ್ಸು ಹೊಡೆದು ಇಳಿಜಾರು ಸರಿಮಾಡಿಕೊಳ್ಳಿ, ಖರ್ಚಿನ ರಸೀದಿ ಎತ್ತಿಡಿ. ಅಷ್ಟರಲ್ಲಿ ಮುಂದಿನ ಮಳೆ ಬಂದಿರುತ್ತದೆ, ಗೂಟಗಳ ಬಳಿ ಮತ್ತೊಮ್ಮೆ ನೋಡಿ.